ಶಾಲೆಯಿಂದ 2,500 ಅಡಿ ದೂರ: ಈ ನಿಯಮ ಮಕ್ಕಳನ್ನು ಕಾಯುತ್ತಾ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಈಗ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿದ್ದೇವೆ. ಏಳು ವರ್ಷದ ಮಗಳಿದ್ದಾಳೆ. ಸ್ವಂತ ಮನೆ ಕೊಳ್ಳಲು ಹುಡುಕುತ್ತಿದ್ದೇವೆ. ತುಂಬಾ ಇಷ್ಟವಾದ ಒಂದು ಮನೆಯ ವಿಳಾಸವನ್ನು ಶಿಕ್ಷೆಯಾದ ಲೈಂಗಿಕ ಅಪರಾಧಿಗಳ ವಿಳಾಸ ತೋರಿಸುವ ರಾಜ್ಯದ ಆನ್‌ಲೈನ್ ಪಟ್ಟಿಯಲ್ಲಿ ಹಾಕಿ ನೋಡಿದರೆ, ನಕ್ಷೆಯಲ್ಲಿ ಅರ್ಧ ಮೈಲಿ ಆಚೆ ಅಂಥ ಒಬ್ಬರ ಚುಕ್ಕೆ ಕಾಣಿಸಿತು. "ಇಂಥವರು ಶಾಲೆ, ಪಾರ್ಕ್ ಹತ್ತಿರ ವಾಸ ಮಾಡುವ ಹಾಗಿಲ್ಲ, ಕಾನೂನಿದೆ, ಹೆದರಬೇಡ" ಅಂತ ಗೆಳತಿ ಹೇಳಿದಳು. ಯಜಮಾನರು ಆ ಮನೆ ಬೇಡವೇ ಬೇಡ ಅನ್ನುತ್ತಿದ್ದಾರೆ. ಮೇಡಂ, ಈ ಕಾನೂನು ನಿಜಕ್ಕೂ ಕೆಲಸ ಮಾಡುತ್ತಾ? ದೂರವನ್ನು ಇನ್ನೂ ಜಾಸ್ತಿ ಮಾಡಿದರೆ ಒಳ್ಳೆಯದಲ್ವಾ? ನಮ್ಮ ದೇಶದಲ್ಲಿ ಇಂಥದ್ದು ಯಾಕಿಲ್ಲ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಚಿಕ್ಕ ಮಗುವಿದ್ದಾಗ ಅಂಥ ಚುಕ್ಕೆ ಕಂಡರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಶಿಕ್ಷೆ ಮುಗಿಸಿ ಬಂದವರು ಶಾಲೆಯಿಂದ ಇಷ್ಟು ಅಡಿ ದೂರದಲ್ಲೇ ವಾಸ ಮಾಡಬೇಕು ಅನ್ನುವ ನಿಯಮದಿಂದ ಮಕ್ಕಳ ಮೇಲಿನ ಅಪರಾಧ ಕಡಿಮೆಯಾಯಿತು ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಸುಮಾರು ಇಪ್ಪತ್ತು ವರ್ಷದಿಂದ ಹುಡುಕಿದ್ದಾರೆ. ನಿಮ್ಮ ಊರಲ್ಲೇ ಹುಡುಕಿದ್ದಾರೆ.

ಹೌದು, ಜಾಕ್ಸನ್‌ವಿಲ್‌ನಲ್ಲೇ. ಫ್ಲಾರಿಡಾ ರಾಜ್ಯದ ಕಾನೂನು ಹೇಳುವುದು 1,000 ಅಡಿ. ಹದಿನಾರು ವರ್ಷದೊಳಗಿನ ಮಕ್ಕಳ ಮೇಲೆ ಕೆಲವು ಬಗೆಯ ಅಪರಾಧ ಮಾಡಿದವರಿಗೆ ಅದು ಅನ್ವಯಿಸುತ್ತದೆ. ನಿಮ್ಮ ನಗರ 2005ರಲ್ಲಿ ಅದನ್ನು 2,500 ಅಡಿಗೆ ಏರಿಸಿತು. ಅಂದರೆ ಮುಕ್ಕಾಲು ಕಿಲೋಮೀಟರ್‌ಗಿಂತ ತುಸು ಜಾಸ್ತಿ. ಅದಾದ ಮೇಲೆ ಮ್ಯಾಟ್ ನೋಬಲ್ಸ್, ಜಿಲ್ ಲೆವೆನ್ಸನ್ ಮತ್ತು ತಾಷಾ ಯೂಸ್ಟಿನ್ ಅನ್ನುವ ಸಂಶೋಧಕರು ನಗರದ ದಾಖಲೆಗಳನ್ನು ತೆಗೆದು, ನಿಯಮ ಬರುವ ಮುಂಚೆ ಹೇಗಿತ್ತು, ಬಂದ ಮೇಲೆ ಏನಾಯಿತು ಅಂತ ಹೋಲಿಸಿ ನೋಡಿದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ನಗರದ ಒಟ್ಟು ಲೈಂಗಿಕ ಅಪರಾಧಗಳ ಮೇಲಾಗಲಿ, ಹಳೆಯ ಅಪರಾಧಿಗಳು ಮತ್ತೆ ಸಿಕ್ಕಿಬೀಳುವುದರ ಮೇಲಾಗಲಿ ಆ ನಿಯಮದ ಪರಿಣಾಮ ಕಾಣಿಸಲಿಲ್ಲ. ದೂರ ಜಾಸ್ತಿ ಮಾಡಿದರೆ ಒಳ್ಳೆಯದಲ್ವಾ ಅಂತ ಕೇಳಿದಿರಿ. ನಿಮ್ಮ ಊರಲ್ಲಿ ಆ ಪ್ರಯೋಗ ಆಗಿ ಹೋಗಿದೆ.

ಯಾಕೆ ಹೀಗಾಗುತ್ತದೆ? ಈ ನಿಯಮ ಏನನ್ನು ಅಳೆಯುತ್ತದೆ ಅಂತ ಸ್ವಲ್ಪ ಯೋಚಿಸಿ. ಆ ಮನುಷ್ಯ ರಾತ್ರಿ ಎಲ್ಲಿ ಮಲಗುತ್ತಾನೆ ಅನ್ನುವುದನ್ನು ಮಾತ್ರ. ರಾತ್ರಿ ಹೊತ್ತು ಶಾಲೆ ಖಾಲಿ, ಪಾರ್ಕಿಗೆ ಬೀಗ. ಹಗಲು ಅವನು ಎಲ್ಲಿರುತ್ತಾನೆ, ಯಾರ ಮನೆಗೆ ಹೋಗುತ್ತಾನೆ, ಯಾರ ಸ್ನೇಹ ಮಾಡುತ್ತಾನೆ? ಅದಕ್ಕೂ ಈ ಅಡಿಗಳ ಲೆಕ್ಕಕ್ಕೂ ಸಂಬಂಧವೇ ಇಲ್ಲ.

ಮಿನ್ನೆಸೋಟಾ ರಾಜ್ಯದ ಬಂದೀಖಾನೆ ಇಲಾಖೆ 2007ರಲ್ಲಿ ಒಂದು ಅಧ್ಯಯನ ಹೊರತಂದಿತು. ಈ ವಿಷಯದಲ್ಲಿ ನನಗೆ ಅತಿ ಉಪಯುಕ್ತ ಅನ್ನಿಸಿದ ಕೆಲಸ ಅದು. 1990ರಿಂದ 2002ರ ನಡುವೆ ಬಿಡುಗಡೆಯಾದ 3,166 ಲೈಂಗಿಕ ಅಪರಾಧಿಗಳನ್ನು ಹಿಂಬಾಲಿಸಿ ನೋಡಿದರು. ಅವರಲ್ಲಿ 224 ಮಂದಿ ಮತ್ತೆ ಅಂಥದ್ದೇ ತಪ್ಪು ಮಾಡಿ ಜೈಲಿಗೆ ಬಂದರು. ಸಂಶೋಧಕರು ಆ 224 ಕಡತಗಳನ್ನೂ ಒಂದೊಂದಾಗಿ ಬಿಚ್ಚಿದರು. ಈತ ಬಲಿಯಾದವರನ್ನು ಮೊದಲು ಎಲ್ಲಿ ಭೇಟಿಯಾದ? ಹೇಗೆ ಪರಿಚಯವಾಯಿತು? ಮನೆಯಿಂದ ಎಷ್ಟು ದೂರ? ಶಾಲೆಯೋ ಪಾರ್ಕೋ ಹತ್ತಿರವಿತ್ತಾ? ಪ್ರತಿ ಕಡತಕ್ಕೂ ಒಂದೇ ಕೊನೆಯ ಪ್ರಶ್ನೆ: ವಾಸದ ನಿಯಮ ಇದ್ದಿದ್ದರೆ ಇದನ್ನು ತಡೆಯಬಹುದಿತ್ತಾ?

224ರಲ್ಲಿ ಒಂದಕ್ಕೂ "ಹೌದು" ಅನ್ನುವ ಉತ್ತರ ಬರಲಿಲ್ಲ. ಮಗುವಿನ ತಾಯಿಯ ಜೊತೆ ಓಡಾಟ ಶುರು ಮಾಡಿ ಮನೆಯೊಳಗೆ ಬಂದವರಿದ್ದರು. ಗೆಳೆಯರ, ನೆಂಟರ, ಸಹೋದ್ಯೋಗಿಗಳ ಮೂಲಕ ಮಗುವಿಗೆ ಹತ್ತಿರವಾದವರಿದ್ದರು. ಅಪರಿಚಿತರನ್ನು ಹುಡುಕಿಕೊಂಡು ಹೋದವರೂ ಇದ್ದರು. ಅವರಲ್ಲಿ ಹೆಚ್ಚಿನವರು ತಮ್ಮ ಮನೆಯಿಂದ ದೂರವೇ ಹೋಗಿದ್ದರು, ಗುರುತು ಸಿಗಬಾರದು ಅಂತ.

ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಿ. ಪೊಲೀಸರಿಗೆ ವರದಿಯಾದ ಪ್ರಕರಣಗಳನ್ನು ಅಮೆರಿಕದ ನ್ಯಾಯಾಂಗ ಇಲಾಖೆ ಒಟ್ಟು ಹಾಕಿ 2000ದಲ್ಲಿ ಪ್ರಕಟಿಸಿತು. ಹದಿನೆಂಟು ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧಗಳಲ್ಲಿ ನೂರಕ್ಕೆ 34ರಲ್ಲಿ ತಪ್ಪು ಮಾಡಿದವರು ಮನೆಯವರೇ. 59ರಲ್ಲಿ ಪರಿಚಯದವರು. ಪೂರ್ತಿ ಅಪರಿಚಿತರು ನೂರಕ್ಕೆ 7. ನ್ಯೂಯಾರ್ಕ್ ರಾಜ್ಯದಲ್ಲಿ 1986ರಿಂದ 2006ರವರೆಗಿನ ಬಂಧನಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಲೈಂಗಿಕ ಅಪರಾಧಕ್ಕೆ ಸಿಕ್ಕಿಬಿದ್ದವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿಗೆ ಹಿಂದೆ ಅಂಥ ಶಿಕ್ಷೆಯೇ ಆಗಿರಲಿಲ್ಲ. ಅಂದರೆ ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ನಕ್ಷೆಯಲ್ಲಿ ಚುಕ್ಕೆಯೂ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಮಯಾಮಿಯ ಕಥೆ ಹೇಳಲೇಬೇಕು. ನಿಮ್ಮ ರಾಜ್ಯದ್ದೇ.

ಮಯಾಮಿ-ಡೇಡ್ ಕೌಂಟಿಯಲ್ಲಿ 2005ರಲ್ಲಿ 2,500 ಅಡಿ ನಿಯಮ ಬಂತು. ಅದಕ್ಕಾಗಿ ಹಗಲು ರಾತ್ರಿ ಓಡಾಡಿದವರು ರಾನ್ ಬುಕ್ ಅನ್ನುವ ಪ್ರಭಾವಿ ಲಾಬಿಗಾರ, ಅಂದರೆ ಕಾನೂನು ಮಾಡುವವರ ಮೇಲೆ ಪ್ರಭಾವ ಬೀರುವುದನ್ನೇ ವೃತ್ತಿ ಮಾಡಿಕೊಂಡವರು. ಅವರ ಹಠದ ಹಿಂದೆ ದೊಡ್ಡ ನೋವಿತ್ತು. ಅವರ ಮಗಳು ಲಾರೆನ್ ಬುಕ್ ಹುಡುಗಿಯಾಗಿದ್ದಾಗ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಆಮೇಲೆ ಅವರು ರಾಜ್ಯದ ಸೆನೆಟರ್ ಆದರು, ತಮ್ಮ ಅನುಭವವನ್ನು ಜನರ ಮುಂದೆ ಧೈರ್ಯವಾಗಿ ಹೇಳಿಕೊಂಡರು. ಆ ದೌರ್ಜನ್ಯ ಮಾಡಿದ್ದು ಯಾರು ಗೊತ್ತಾ? ಮಕ್ಕಳನ್ನು ನೋಡಿಕೊಳ್ಳಲು ಇಟ್ಟುಕೊಂಡಿದ್ದ ಹೆಂಗಸು. ಅದೇ ಮನೆಯಲ್ಲೇ ಇದ್ದವಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ತಂದೆಯ ಸಂಕಟವನ್ನು ನಾನು ಪೂರ್ತಿ ಗೌರವಿಸುತ್ತೇನೆ. ಆದರೆ 2,500 ಅಡಿಯ ನಿಯಮ ಆ ಹುಡುಗಿಯನ್ನು ಒಂದು ದಿನವೂ ಕಾಯುತ್ತಿರಲಿಲ್ಲ.

ನಿಯಮ ಬಂದ ಮೇಲೆ ಏನಾಯಿತು ಅನ್ನುವುದನ್ನು ನೀವೂ ಸುದ್ದಿಯಲ್ಲಿ ನೋಡಿರಬಹುದು. ಮಯಾಮಿಯಿಂದ ಮಯಾಮಿ ಬೀಚಿಗೆ ಹೋಗುವ ಜೂಲಿಯಾ ಟಟಲ್ ಸೇತುವೆ ರಸ್ತೆಯ ಕೆಳಗೆ ಜನ ಬಂದು ಸೇರತೊಡಗಿದರು. ಶಿಕ್ಷೆ ಮುಗಿಸಿದವರಿಗೆ ಊರಲ್ಲಿ ಎಲ್ಲೂ ನಿಯಮಕ್ಕೆ ಸರಿಹೊಂದುವ ಬಾಡಿಗೆ ಮನೆ ಸಿಗಲಿಲ್ಲ. ಆ ಸೇತುವೆ ಕೆಳಗಿನ ಜಾಗ ಎಲ್ಲದರಿಂದಲೂ ದೂರವಿತ್ತು. 2009ರ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ನೂರು ದಾಟಿತ್ತು. ತಲೆ ಮೇಲೆ ಹಗಲು ರಾತ್ರಿ ಕಾರುಗಳ ಸದ್ದು. ಕಾಂಕ್ರೀಟ್ ಕಂಬಗಳ ಮಧ್ಯೆ ಟೆಂಟು, ಹಲಗೆಯ ಗುಡಿಸಲು. ಕುಡಿಯುವ ನೀರಿಲ್ಲ, ಕಕ್ಕಸಿಲ್ಲ. ಕಾಲಿಗೆ ಕಟ್ಟಿದ ಜಿಪಿಎಸ್ ಪಟ್ಟಿ ಚಾರ್ಜ್ ಮಾಡದಿದ್ದರೆ ಮತ್ತೆ ಜೈಲು. ಅದಕ್ಕಾಗಿ ಜನರೇಟರ್ ಇಟ್ಟುಕೊಂಡು ಸರದಿಯಲ್ಲಿ ಚಾರ್ಜ್ ಮಾಡಿಕೊಳ್ಳುತ್ತಿದ್ದರು. ಕೆಲವರ ಡ್ರೈವಿಂಗ್ ಲೈಸೆನ್ಸಿನಲ್ಲಿ ವಿಳಾಸ ಅಂತ ಆ ಸೇತುವೆಯ ಹೆಸರನ್ನೇ ಬರೆದಿದ್ದರು. ಸರ್ಕಾರ ಕೊಟ್ಟ ಲೈಸೆನ್ಸಿನಲ್ಲಿ! 2010ರಲ್ಲಿ ಅಲ್ಲಿಂದ ಎಬ್ಬಿಸಿದರು. ಕೆಲವು ವರ್ಷಗಳಲ್ಲಿ ಹಯಾಲಿಯಾ ಹತ್ತಿರ ರೈಲು ಹಳಿಯ ಪಕ್ಕ ಇನ್ನೊಂದು ಅಂಥದ್ದೇ ಬಿಡಾರ ಬೆಳೆಯಿತು. ಅದನ್ನು 2018ರಲ್ಲಿ ತೆರವು ಮಾಡಿದರು.

"ಅಂಥವರಿಗೆ ಹಾಗೇ ಆಗಬೇಕು" ಅಂತ ನಿಮಗೆ ಅನ್ನಿಸಬಹುದು. ಅನ್ನಿಸಿದರೆ ನಿಮ್ಮ ಮೇಲೆ ನನಗೆ ಬೇಸರವಿಲ್ಲ. ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಜೊತೆ ಕೂತು ಮಾತಾಡಿದವಳು ನಾನು. ಆ ಕೋಪ ನನಗೂ ಗೊತ್ತು. ಆದರೆ ನೀವು ಕೇಳಿದ್ದು ಮಗಳ ಸುರಕ್ಷತೆಯ ಬಗ್ಗೆ. ಆ ದೃಷ್ಟಿಯಿಂದಲೇ ನೋಡೋಣ. ಮನೆ ಇಲ್ಲದ, ಕೆಲಸ ಇಲ್ಲದ, ನೆಂಟರಿಂದ ದೂರವಾದ, ಕಳೆದುಕೊಳ್ಳಲು ಏನೂ ಉಳಿಯದ ಮನುಷ್ಯ ಮತ್ತೆ ತಪ್ಪು ಮಾಡುವ ಸಾಧ್ಯತೆ ಜಾಸ್ತಿಯೋ ಕಡಿಮೆಯೋ? ಜಾಸ್ತಿ. ಶಿಕ್ಷೆಯಾದವರು ಹೊರಗಿರುವಾಗ ಅವರ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿಗಳು ಎಷ್ಟೋ ವರ್ಷದಿಂದ ಇದನ್ನೇ ಹೇಳುತ್ತಿದ್ದಾರೆ.

ನಾನು ಪಾಠ ಮಾಡುವಾಗ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತಿದ್ದೆ. ಯಾವುದಾದರೂ ಊರಿನ ದೊಡ್ಡ ನಕ್ಷೆ, ಒಂದು ಇಂಚಿಗೆ ಸಾವಿರ ಅಡಿ ಅಳತೆಯದು. ಜೊತೆಗೆ ಜಾಮಿಟ್ರಿ ಬಾಕ್ಸಿನ ಕೈವಾರ. ಕೈವಾರವನ್ನು ಎರಡೂವರೆ ಇಂಚಿಗೆ ಹಿಗ್ಗಿಸಿ, ಪ್ರತಿ ಶಾಲೆಯ ಮೇಲೆ ಮೊನೆ ಊರಿ ವೃತ್ತ ಎಳೆಯಬೇಕು. ಆಮೇಲೆ ಪ್ರತಿ ಪಾರ್ಕಿಗೆ, ಪ್ರತಿ ಶಿಶುವಿಹಾರಕ್ಕೆ. ಮೊದಲು ನಗುನಗುತ್ತಾ ಶುರು ಮಾಡುತ್ತಿದ್ದರು. ಅರ್ಧ ಗಂಟೆಯಲ್ಲಿ ಕೋಣೆ ಸುಮ್ಮನಾಗುತ್ತಿತ್ತು. ವೃತ್ತದ ಮೇಲೆ ವೃತ್ತ ಬಿದ್ದು ಊರೇ ಮುಚ್ಚಿಹೋಗುತ್ತಿತ್ತು. ಉಳಿದದ್ದಕ್ಕೆ ಬಣ್ಣ ಹಚ್ಚಿ ಅಂದರೆ ವಿಮಾನ ನಿಲ್ದಾಣ, ಗೋದಾಮುಗಳ ಪ್ರದೇಶ, ಜೌಗು ನೆಲ, ಅಲ್ಲಲ್ಲಿ ತುಂಬಾ ದುಬಾರಿ ಬಂಗಲೆಗಳ ಬೀದಿ. ಜೈಲಿನಿಂದ ಬಂದವನು ಬಾಡಿಗೆಗೆ ಹಿಡಿಯಬಹುದಾದ ಒಂದು ಮನೆ ಹುಡುಕಿ ಅಂದರೆ ಯಾರಿಗೂ ಸಿಗುತ್ತಿರಲಿಲ್ಲ. ಇದು ತರಗತಿಯ ಆಟ ಮಾತ್ರ ಅಲ್ಲ. ಕ್ಯಾಲಿಫೋರ್ನಿಯಾದ ಜನ 2006ರಲ್ಲಿ ಮತ ಹಾಕಿ 2,000 ಅಡಿ ನಿಯಮ ತಂದರು. 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಪೆರೋಲ್ ಮೇಲಿರುವ, ಅಂದರೆ ಜೈಲಿನಿಂದ ಬಿಟ್ಟರೂ ಸರ್ಕಾರದ ನಿಗಾದಲ್ಲಿರುವ ಇಂಥ ಅಪರಾಧಿಗಳೆಲ್ಲರಿಗೂ ಕಣ್ಣುಮುಚ್ಚಿ ಇದನ್ನು ಹೇರುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅಲ್ಲಿನ ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಅವರಿಗೆ ಮುಚ್ಚಿಹೋಗಿದ್ದವು. ಮನೆ ಇಲ್ಲದೆ ಅಲೆಯುವವರ ಮೇಲೆ ಕಣ್ಣಿಡುವುದು ಪೊಲೀಸರಿಗೇ ಕಷ್ಟವಾಗಿತ್ತು.

ಅಯೋವಾದಲ್ಲಿ ಆದದ್ದು ಇನ್ನೂ ಪಾಠ ಕಲಿಸುವಂಥದ್ದು. 2002ರಲ್ಲಿ ಅವರು 2,000 ಅಡಿ ಕಾನೂನು ಮಾಡಿದರು. ಕೋರ್ಟಿನಲ್ಲಿ ತಕರಾರಾಗಿ, ನಿಜವಾಗಿ ಜಾರಿಯಾದದ್ದು 2005ರಲ್ಲಿ. ಕೆಲವೇ ತಿಂಗಳಲ್ಲಿ ಎಲ್ಲಿದ್ದಾರೆ ಅಂತ ಗೊತ್ತಿಲ್ಲದ ಅಪರಾಧಿಗಳ ಸಂಖ್ಯೆ ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ಆಗ ಈ ಕಾನೂನು ತೆಗೆಯಿರಿ ಅಂತ ಕೇಳಿದವರು ಅಪರಾಧಿಗಳ ವಕೀಲರಲ್ಲ, ಅವರನ್ನು ಜೈಲಿಗೆ ಕಳಿಸುವ ಸರ್ಕಾರಿ ವಕೀಲರು. ಅಯೋವಾದ ಕೌಂಟಿ ಅಟಾರ್ನಿಗಳ ಸಂಘವೇ 2006ರಲ್ಲಿ ಹೇಳಿಕೆ ಹೊರಡಿಸಿತು. ಅದರಲ್ಲಿ ಒಂದು ಮಾತು ನನ್ನನ್ನು ತುಂಬಾ ಕಾಡಿತು. ತಪ್ಪು ಒಪ್ಪಿಕೊಳ್ಳುವವರು ಕಡಿಮೆಯಾದರು ಅನ್ನುವುದು. ಒಪ್ಪಿಕೊಂಡರೆ ಜೀವನಪೂರ್ತಿ ಮನೆ ಇಲ್ಲ ಅಂತಾದಾಗ ಯಾರು ಒಪ್ಪುತ್ತಾರೆ? ಒಪ್ಪದಿದ್ದರೆ ಕೇಸು ವಿಚಾರಣೆಗೆ ಹೋಗುತ್ತದೆ, ಮಗು ಕಟಕಟೆ ಹತ್ತಿ ಎಲ್ಲವನ್ನೂ ಮತ್ತೆ ಹೇಳಬೇಕಾಗುತ್ತದೆ. ಇನ್ನು ಮನೆಯವರೇ ತಪ್ಪು ಮಾಡಿದ್ದರೆ, ದೂರು ಕೊಟ್ಟರೆ ಇಡೀ ಸಂಸಾರ ಬೀದಿಗೆ ಬೀಳುತ್ತದಲ್ಲ ಅಂತ ತಾಯಿ ಬಾಯಿ ಮುಚ್ಚಿಕೊಳ್ಳುವ ಅಪಾಯ. ಮಗುವನ್ನು ಕಾಯಲು ಬಂದ ಕಾನೂನು ಮಗುವಿನ ಬಾಯನ್ನೇ ಕಟ್ಟಿತು. 2009ರಲ್ಲಿ ಅಯೋವಾ ತನ್ನ ಕಾನೂನನ್ನು ಬದಲಿಸಿತು. ಮಕ್ಕಳ ಮೇಲೆ ಗಂಭೀರ ಅಪರಾಧ ಮಾಡಿದವರಿಗೆ ಮಾತ್ರ ವಾಸದ ನಿಯಮ ಉಳಿಸಿತು. ಅದರ ಜೊತೆಗೆ, ಶಾಲೆಯಂಥ ಜಾಗಗಳಿಗೆ ಕಾಲಿಡುವುದನ್ನು, ಅಲ್ಲಿ ಸುಳಿದಾಡುವುದನ್ನು ತಡೆಯುವ ಕಡೆ ಒತ್ತು ಕೊಟ್ಟಿತು. ಇದು ಬುದ್ಧಿವಂತಿಕೆಯ ದಾರಿ. ಆತ ಎಲ್ಲಿ ಮಲಗುತ್ತಾನೆ ಅನ್ನುವುದನ್ನಲ್ಲ, ಎಲ್ಲಿಗೆ ಹೋಗುತ್ತಾನೆ, ಏನು ಮಾಡುತ್ತಾನೆ ಅನ್ನುವುದನ್ನು ನೋಡುವ ದಾರಿ.

ಹಾಗಾದರೆ ಈ ಕಾನೂನುಗಳು ಹುಟ್ಟಿದ್ದು ಹೇಗೆ? ಸಹಿಸಲಾಗದ ಸಾವುಗಳಿಂದ. 1994ರಲ್ಲಿ ನ್ಯೂಜೆರ್ಸಿಯ ಏಳು ವರ್ಷದ ಮೇಗನ್ ಕಾಂಕಾಳನ್ನು ಎದುರು ಮನೆಯವನು ಕೊಂದ. ಅವನ ಹಳೆಯ ಶಿಕ್ಷೆಗಳ ಬಗ್ಗೆ ಅವಳ ತಂದೆತಾಯಿಗೆ ಗೊತ್ತಿರಲಿಲ್ಲ. ನೀವು ನೋಡಿದ ಆ ಪಟ್ಟಿ ಜನರ ಕೈಗೆ ಬಂದದ್ದು ಅವಳ ಹೆಸರಿನ ಕಾನೂನಿನಿಂದ. 2005ರಲ್ಲಿ ನಿಮ್ಮ ಫ್ಲಾರಿಡಾದಲ್ಲೇ ಒಂಬತ್ತು ವರ್ಷದ ಜೆಸ್ಸಿಕಾ ಲನ್ಸ್‌ಫರ್ಡ್‌ಳನ್ನು ರಾತ್ರಿ ಹಾಸಿಗೆಯಿಂದ ಎತ್ತಿಕೊಂಡು ಹೋದರು. ಮಾಡಿದವನ ಹೆಸರು ಪಟ್ಟಿಯಲ್ಲಿತ್ತು. ಆದರೆ ಅವನು ಬರೆಸಿದ ವಿಳಾಸದಲ್ಲಿ ಇರಲಿಲ್ಲ. ಅವಳ ಮನೆ ಹತ್ತಿರವೇ ಇನ್ನೊಬ್ಬರ ಜೊತೆ ಇದ್ದ. ಇಂಥ ಸುದ್ದಿ ಕೇಳಿದ ಯಾವ ಊರಾದರೂ ಏನಾದರೂ ಮಾಡಬೇಕು ಅಂತ ಎದ್ದು ನಿಲ್ಲುತ್ತದೆ. ನಿಲ್ಲಬೇಕು ಕೂಡ. ಆದರೆ ಎರಡೂ ಕಡೆ ನೋಡಿ, ಶಾಲೆಯ ದೂರಕ್ಕೂ ಆ ಸಾವುಗಳಿಗೂ ಸಂಬಂಧವಿರಲಿಲ್ಲ.

ಆ ಭಯಕ್ಕೆ ಒಂದು ತಪ್ಪು ಅಂಕಿಯೂ ಸೇರಿಕೊಂಡಿತು. ಚಿಕಿತ್ಸೆ ಪಡೆಯದ ಲೈಂಗಿಕ ಅಪರಾಧಿಗಳಲ್ಲಿ ನೂರಕ್ಕೆ 80ರಷ್ಟು ಮಂದಿ ಮತ್ತೆ ಅದನ್ನೇ ಮಾಡಬಹುದು ಅನ್ನುವ ಲೆಕ್ಕ 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನೊಳಗೇ ಬಂದುಬಿಟ್ಟಿತು. ಅದರ ಮೂಲ ಹುಡುಕಿಕೊಂಡು ಹೋದರೆ ಸಿಕ್ಕಿದ್ದು 1986ರ ಒಂದು ಜನಪ್ರಿಯ ಪತ್ರಿಕೆಯ ಲೇಖನ. ಒರೆಗಾನ್ ಜೈಲಿನಲ್ಲಿ ಚಿಕಿತ್ಸಾ ಕಾರ್ಯಕ್ರಮ ನಡೆಸುತ್ತಿದ್ದ ಒಬ್ಬರು ಯಾವ ಪುರಾವೆಯನ್ನೂ ಕೊಡದೆ ಬರೆದ ಸಾಲು ಅದು. ನಿಜವಾದ ಲೆಕ್ಕ ಬೇರೆ. 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಯಾದವರನ್ನು ಒಂಬತ್ತು ವರ್ಷ ಹಿಂಬಾಲಿಸಿದ ಸರ್ಕಾರಿ ವರದಿ 2019ರಲ್ಲಿ ಬಂತು. ಲೈಂಗಿಕ ಅಪರಾಧಕ್ಕೆ ಶಿಕ್ಷೆ ಅನುಭವಿಸಿದವರಲ್ಲಿ ಮತ್ತೆ ಅಂಥದ್ದೇ ಆರೋಪದ ಮೇಲೆ ಬಂಧನವಾದವರು ನೂರಕ್ಕೆ 7.7. ಇದನ್ನು ಓದಿ ನಿರಾಳವಾಗಿಬಿಡಿ ಅಂತ ನಾನು ಹೇಳುವುದಿಲ್ಲ. ಎಷ್ಟೋ ಪ್ರಕರಣಗಳು ಪೊಲೀಸರವರೆಗೆ ಹೋಗುವುದೇ ಇಲ್ಲ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೆ 80ಕ್ಕೂ ಇದಕ್ಕೂ ಅಜಗಜಾಂತರ.

ಎಲ್ಲ ನಿರ್ಬಂಧವೂ ವ್ಯರ್ಥ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಮಕ್ಕಳ ಮೇಲೆ ಕೈ ಮಾಡಿದವನಿಗೆ ಶಾಲೆಯಲ್ಲಿ, ಶಿಶುವಿಹಾರದಲ್ಲಿ, ಮಕ್ಕಳ ಕ್ರೀಡಾ ತಂಡದಲ್ಲಿ ಕೆಲಸ ಕೊಡಲೇಬಾರದು. ಆಟದ ಮೈದಾನದಿಂದಲೇ ಮಗುವನ್ನು ಕರೆದೊಯ್ದ ಚರಿತ್ರೆ ಇರುವವನನ್ನು ಮೈದಾನದ ಎದುರು ಇರಬೇಡ ಅನ್ನುವುದು ಸರಿ. ಅದು ಒಬ್ಬ ಮನುಷ್ಯನ ಕಡತ ಓದಿ ಹಾಕುವ ಷರತ್ತು. ಎಲ್ಲರಿಗೂ ಒಂದೇ ಅಳತೆಯ ಹಗ್ಗ ಹಿಡಿಯುವುದು ಬೇರೆ. ಮಿನ್ನೆಸೋಟಾದಲ್ಲೇ ಇನ್ನೊಂದು ಪ್ರಯೋಗ ನಡೆಯಿತು. ಜೈಲಿನಿಂದ ಬಂದವನ ಸುತ್ತ ನಾಲ್ಕೈದು ಜನ ಸ್ವಯಂಸೇವಕರು ನಿಲ್ಲುತ್ತಾರೆ. ವಾರವಾರ ಭೇಟಿಯಾಗುತ್ತಾರೆ. ಮನೆ, ಕೆಲಸ ಹುಡುಕಲು ನೆರವಾಗುತ್ತಾರೆ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಇದ್ದೆ ಅಂತ ಮುಖ ನೋಡಿ ಕೇಳುತ್ತಾರೆ. ಈ ಪದ್ಧತಿ 1994ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಒಂದು ಚರ್ಚಿನವರಿಂದ ಶುರುವಾದದ್ದು. ಮಿನ್ನೆಸೋಟಾದವರು ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಇಂಥ ಬೆಂಬಲ ಸಿಕ್ಕವರಲ್ಲಿ ಮತ್ತೆ ಲೈಂಗಿಕ ಅಪರಾಧಕ್ಕೆ ಬಂಧನವಾಗುವ ಸಾಧ್ಯತೆ 88 ಪರ್ಸೆಂಟ್ ಕಡಿಮೆಯಾಗಿತ್ತು. ಗುಂಪು ಚಿಕ್ಕದು, ನಿಜ. ಆದರೂ ಅಡಿಗಳ ನಿಯಮಕ್ಕೆ ಇದರ ಹತ್ತಿರ ಬರುವ ಫಲಿತಾಂಶ ನಾನು ಕಂಡಿಲ್ಲ.

ಭಾರತದ ಬಗ್ಗೆ ಕೇಳಿದಿರಿ. ನಮ್ಮಲ್ಲಿ ವಾಸದ ನಿಯಮ ಇಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಪಟ್ಟಿ ಶುರು ಮಾಡಿತು. ಆಗಲೇ ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ದಾಖಲೆಗಳಿದ್ದವು. ಅದನ್ನು ಪೊಲೀಸರು ಮತ್ತು ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು, ಜನರಿಗೆ ತೆರೆದಿಲ್ಲ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ನಮ್ಮಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಪ್ರತಿ ವರ್ಷ ನೂರಕ್ಕೆ 90ಕ್ಕಿಂತ ಹೆಚ್ಚು ಆರೋಪಿಗಳು ಗೊತ್ತಿರುವವರೇ. ಅಮೆರಿಕದ ಅಡಿ ಲೆಕ್ಕವನ್ನು ತಂದು ಬೆಂಗಳೂರಿನ ಮೇಲಿಟ್ಟರೆ ಗಲ್ಲಿಗೊಂದು ಶಾಲೆ ಇರುವ ಊರಲ್ಲಿ ಏನು ಉಳಿದೀತು? 2012ರ ಪೋಕ್ಸೊ ಕಾಯ್ದೆಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಅನ್ನಿಸುವುದು 19ನೇ ಕಲಂ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ, ಅಜ್ಜಿಯಾಗಲಿ, ಟೀಚರ್ ಆಗಲಿ, ಡಾಕ್ಟರ್ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. "ಮನೆ ಮರ್ಯಾದೆ" ಅಂತ ಮುಚ್ಚಿಡುವ ಹಾಗಿಲ್ಲ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರೋಣ. ಆ ಚುಕ್ಕೆಯನ್ನು ಮತ್ತೊಮ್ಮೆ ಒತ್ತಿ, ಈ ಸಲ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಪರಾಧ ಏನು, ಯಾವ ವರ್ಷದ್ದು, ಬಲಿಯಾದವರು ಮಕ್ಕಳೋ ದೊಡ್ಡವರೋ ಓದಿ. ಫ್ಲಾರಿಡಾ ಇಬ್ಬರನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ: "ಅಫೆಂಡರ್" ಮತ್ತು "ಪ್ರಿಡೇಟರ್". ಎರಡನೆಯದು ಹೆಚ್ಚು ಗಂಭೀರ. ಫ್ಲಾರಿಡಾದ ಪಟ್ಟಿಯಲ್ಲಿ ಜೈಲಿನಲ್ಲಿರುವವರು, ರಾಜ್ಯ ಬಿಟ್ಟು ಹೋದವರ ಹೆಸರೂ ಇರುತ್ತದೆ, ಹಾಗಾಗಿ ಸದ್ಯದ ಸ್ಥಿತಿ ಏನು ಅಂತಲೂ ನೋಡಿ. ವರ್ಷಗಟ್ಟಲೆ ತಪ್ಪಿಲ್ಲದೆ ಬದುಕಿದವರಿಂದ ಅಪಾಯ ಕಡಿಮೆಯಾಗುತ್ತಾ ಬರುತ್ತದೆ. ವಿಳಾಸ ಕೊಟ್ಟರೆ ಹತ್ತಿರಕ್ಕೆ ಯಾರಾದರೂ ಬಂದಾಗ ಇಮೇಲ್ ಕಳಿಸುವ ಸೌಲಭ್ಯವೂ ಅಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ಪುಟ್ಟ ಮಕ್ಕಳ ಮೇಲಿನ ಇತ್ತೀಚಿನ ಗಂಭೀರ ಅಪರಾಧ, ಮನೆಯೂ ಒಂದೇ ಬೀದಿ ಅಂತಾಗಿದ್ದರೆ ನಾನೂ ಯೋಚಿಸುತ್ತಿದ್ದೆ. ಅರ್ಧ ಮೈಲಿ ಆಚೆಯ ಒಂದು ಚುಕ್ಕೆಗಾಗಿ ಒಳ್ಳೆಯ ಮನೆ ಬಿಡುತ್ತಿರಲಿಲ್ಲ.

ಅದರ ಬದಲು ಮಗಳ ವಾರವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸೋಮವಾರ ಈಜು, ಬುಧವಾರ ಸಂಗೀತ, ಶನಿವಾರ ಗೆಳತಿಯ ಮನೆಯಲ್ಲಿ ರಾತ್ರಿ ಉಳಿಯುವುದು, ಹೀಗೆ. ಪ್ರತಿ ಸಾಲಿನ ಮುಂದೆ, ಅಲ್ಲಿ ಅವಳ ಜೊತೆ ಒಂಟಿಯಾಗಿ ಇರಬಹುದಾದ ದೊಡ್ಡವರು ಯಾರು ಅಂತ ಬರೆಯಿರಿ. ಯಾವುದಾದರೂ ಸಾಲಿನಲ್ಲಿ ಹೆಸರು ಗೊತ್ತಾಗದಿದ್ದರೆ ಹೋಗಿ ವಿಚಾರಿಸಿ. ಸಂಗೀತದ ಪಾಠ ಬಾಗಿಲು ತೆರೆದಿಟ್ಟು ನಡೆಯಲಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಮೇಷ್ಟ್ರು ಬೇಸರ ಮಾಡಿಕೊಳ್ಳುವುದಿಲ್ಲ. ಮಗಳಿಗೆ ಮೈಯ ಭಾಗಗಳ ಹೆಸರನ್ನು ನಾಚಿಕೆಯಿಲ್ಲದೆ ಹೇಳಿಕೊಡಿ. "ಅಮ್ಮನಿಗೆ ಹೇಳಬೇಡ" ಅಂತ ಯಾರು ಹೇಳಿದರೂ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು ಅಂತ ಕಲಿಸಿ.

ಬೇಸಿಗೆ ರಜೆಗೆ ದಾವಣಗೆರೆಗೆ ಬರುತ್ತೀರಲ್ಲ, ಆಗ ಮನೆ ತುಂಬ ನೆಂಟರು. ಮಾವ ಬಂದರು, ದೊಡ್ಡಪ್ಪ ಬಂದರು ಅಂತ ಮುತ್ತು ಕೊಡು, ತೊಡೆ ಮೇಲೆ ಕೂತುಕೋ ಅನ್ನುವುದು ನಮ್ಮಲ್ಲಿ ರೂಢಿ. ಅವಳು ಒಲ್ಲೆ ಅಂದರೆ ಬಲವಂತ ಮಾಡಬೇಡಿ. ಅತ್ತೆಯವರಿಗೆ ಬೇಜಾರಾದರೆ ಆಗಲಿ, ನಮಸ್ಕಾರ ಮಾಡಿದರೆ ಸಾಕು ಅಂತ ನೀವೇ ಮುಂದೆ ನಿಂತು ಹೇಳಿ. ಇಲ್ಲಿ ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.